ಕಳಸದ ಕೋಲ್ಡ್ ರೂಮು, ಸಂಸೆಯ ಬೀಗರೂಟ

ಹಾಸನ ಬಿಟ್ಟಾಗ ಬಿಸಿಲು ಇನ್ನೂ ಏರಿರಲಿಲ್ಲ. ಮೇ ತಿಂಗಳ ಕೊನೆಯ ವಾರ. ಕೈಯಲ್ಲಿ ಬಟ್ಟೆಯ ಚೀಲ, ಹೆಗಲಿಗೆ ಸ್ಪ್ಯಾನರು, ಗೇಜುಗಳ ಭಾರದ ಚೀಲ. ಹೋಗಬೇಕಾದದ್ದು ಕಳಸಕ್ಕೆ, ಅಲ್ಲಿನ ಒಂದು ಮೀನಿನಂಗಡಿಗೆ. ಐಟಿಐಯಲ್ಲಿ ಬಹಳ ವರ್ಷ ರೆಫ್ರಿಜರೇಶನ್ ಕಲಿಸಿ, ಆ ಕೆಲಸ ಬಿಟ್ಟ ಮೇಲೆ ನನ್ನ ಕಸುಬು ಇದೇ. ಅಂಗಡಿ, ಹೋಟೆಲು, ಡೈರಿಗಳ ಕೋಲ್ಡ್ ರೂಮುಗಳು ಕರೆಂಟನ್ನು ಎಲ್ಲಿ ಪೋಲು ಮಾಡುತ್ತಿವೆ ಎಂದು ಹುಡುಕುತ್ತೇನೆ, ಕೈಲಾದರೆ ನಾನೇ ಸರಿಮಾಡುತ್ತೇನೆ.

ಅಂಗಡಿಯ ಒಡತಿ ವನಜ ವಾರದ ಹಿಂದೆ ಫೋನು ಮಾಡಿದ್ದರು. "ಮೇಡಂ, ಮಿಷನ್ನು ನಿಲ್ಲೋದೇ ಇಲ್ಲ. ಹಗಲೂ ರಾತ್ರಿ ಓಡ್ತದೆ. ಆದ್ರೂ ಒಳಗೆ ಥಂಡಿ ಸಾಲಲ್ಲ. ನಮ್ಮನೆಯವ್ರು ದೊಡ್ಡ ಮಿಷನ್ ತರೋಣ ಅಂತಿದಾರೆ. ತರೋಕೆ ಮುಂಚೆ ನೀವೊಂದ್ಸಲ ಬಂದು ನೋಡಿ." ಬಾಗಿಲಿನ ಅಳತೆ ಕೇಳಿದೆ. ಫೋಟೋಗಳ ಜೊತೆ ಕಳಿಸಿದರು. ಒಂದು ಫೋಟೋದಲ್ಲಿ ಬಾಗಿಲಿನ ರಬ್ಬರು ಹಳೆಯ ಚಪ್ಪಲಿಯ ಹಾಗೆ ಬಾಯಿ ಬಿಟ್ಟಿತ್ತು. ಅರ್ಧ ಕಾಯಿಲೆ ಅಲ್ಲಿಯೇ ಕಾಣುತ್ತಿತ್ತು.

ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ಬಂದೆ. ಹೆಂಗಸಾದ್ದರಿಂದ ಸರ್ಕಾರಿ ಬಸ್ಸಿನಲ್ಲಿ ಸೊನ್ನೆ ರೂಪಾಯಿಯ ಟಿಕೆಟು. ಅಲ್ಲಿನ ವರ್ಕ್‌ಶಾಪೊಂದರಲ್ಲಿ ಅಳತೆಗೆ ಕತ್ತರಿಸಿಟ್ಟಿದ್ದ ಹೊಸ ರಬ್ಬರು ಪಟ್ಟಿಯನ್ನೂ, ಬಾಗಿಲಿಗೆ ಒಳಗಿನಿಂದ ಇಳಿಬಿಡುವ ಪ್ಲಾಸ್ಟಿಕ್ ಪಟ್ಟಿಗಳ ಪರದೆಯನ್ನೂ ತೆಗೆದುಕೊಂಡೆ. ರಬ್ಬರನ್ನು ಸುರುಳಿ ಸುತ್ತಿ ಗೋಣಿಯಲ್ಲಿ ಕಟ್ಟಿದ್ದರು. ಪರದೆಯ ಸುರುಳಿ ಒಂದು ಮಗುವಿನಷ್ಟು ಭಾರವಿತ್ತು.

ಮೂಡಿಗೆರೆ ಬಸ್ಸಿನ ಕಂಡಕ್ಟರು ಗೋಣಿಯನ್ನು ಕಾಲಿನಿಂದ ಮುಟ್ಟಿ ನೋಡಿದರು.

"ಏನಕ್ಕಾ ಇದು?"

"ಬಾಗಿಲಿನ ರಬ್ಬರು."

"ಬಾಗ್ಲಿಗೂ ರಬ್ಬರಾ? ಯಾವ ಮನೆ ಬಾಗ್ಲು?"

"ಮೀನು ಇಡೋ ಕೋಣೆದು."

"ನಿಮಗೆ ಫ್ರೀ. ರಬ್ಬರಿಗೆ ಫ್ರೀ ಇಲ್ಲ," ಎಂದು ನಗುತ್ತಾ ಲಗೇಜು ಚೀಟಿ ಹರಿದು ಕೊಟ್ಟರು. ಪಕ್ಕದ ಸೀಟಿನಲ್ಲಿದ್ದ ಅಜ್ಜಿ, ಮೀನು ಎಂಬ ಮಾತು ಕಿವಿಗೆ ಬಿದ್ದಿದ್ದರಿಂದಲೋ ಏನೋ, ಗೋಣಿಯತ್ತ ಒಮ್ಮೆ ಮೂಸಿ, ಏನೂ ವಾಸನೆ ಬರದೆ ಕಿಟಕಿಯ ಕಡೆ ತಿರುಗಿದರು.

ಮೂಡಿಗೆರೆಯ ಲಾಡ್ಜಿನಲ್ಲಿ ಉಳಿದೆ. ಸೆಕೆ ಬಹಳವಿತ್ತು. ಫ್ಯಾನು ತಿರುಗಿದರೂ ಗಾಳಿ ಕದಲಲಿಲ್ಲ. ಲಾಡ್ಜಿನ ಮ್ಯಾನೇಜರು, "ಇಷ್ಟು ಸೆಕೆ ಆದ್ರೆ ನಾಳೆಯೋ ನಾಡಿದ್ದೋ ಗಾಳಿಮಳೆ ಗ್ಯಾರಂಟಿ," ಎಂದರು. ಈ ಕಡೆಯವರು ಮೇ ತಿಂಗಳಲ್ಲಿ ದಿನಾ ಆಡುವ ಮಾತು ಅದು. ನಾನು ತಲೆಗೆ ಹಾಕಿಕೊಳ್ಳಲಿಲ್ಲ.

ಮರುದಿನ ಕಳಸದ ಖಾಸಗಿ ಬಸ್ಸು ಹತ್ತಿದೆ. ಇಲ್ಲಿ ನನಗೂ ಕಾಸು ಕೊಡಬೇಕಿತ್ತು, ರಬ್ಬರಿಗೂ. ಕೊಟ್ಟಿಗೆಹಾರದಲ್ಲಿ ಬಸ್ಸು ತಿಂಡಿಗೆ ನಿಂತಿತು. ನೀರುದೋಸೆಗೆ ಜನ ತಟ್ಟೆ ಹಿಡಿದು ನಿಂತಿದ್ದರು. ನಾನೂ ನಿಂತು ತಿಂದೆ. ಅಲ್ಲಿಂದ ಮುಂದೆ ರಸ್ತೆ ಕಿರಿದು. ಜಾವಳಿಯ ಹತ್ತಿರ ಕೊಯ್ಲು ಮುಗಿದ ಗದ್ದೆಗಳಲ್ಲಿ ದನಗಳು ಮೇಯುತ್ತಿದ್ದವು. ತೋಟಗಳಲ್ಲಿ ನೆರಳಿನ ಮರಗಳ ಕೊಂಬೆ ಸವರುವ ಕೆಲಸ ನಡೆದಿತ್ತು. ಮಳೆಗೆ ಮುಂಚೆ ಮುಗಿಸಬೇಕಾದ ಕೆಲಸ. ಒಂದು ತಿರುವಿನಲ್ಲಿ ಕಡಿದ ಕೊಂಬೆಗಳನ್ನು ರಸ್ತೆಯಿಂದ ಎಳೆಯುವ ತನಕ ಬಸ್ಸು ಕಾದು ನಿಂತಿತು. ಡ್ರೈವರು ಇಳಿದು ಬೀಡಿ ಸೇದಿದರು.

ಮಧ್ಯಾಹ್ನ ಕಳಸ ತಲುಪಿದೆ. ವನಜ ಬಸ್‌ಸ್ಟ್ಯಾಂಡಿಗೇ ಬಂದಿದ್ದರು. ನಲವತ್ತರ ಆಸುಪಾಸಿನ, ಮಾತಿಗಿಂತ ಮೊದಲು ಕೈ ಮುಂದೆ ಮಾಡುವ ಹೆಂಗಸು. ಪರದೆಯ ಸುರುಳಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಹೆಗಲಿಗೇರಿಸಿದರು. ಅವರ ಗಂಡ ಸದಾಶಿವ ಅಂಗಡಿಯ ಮುಂದೆ ಬಂಗುಡೆ ತೂಗುತ್ತಿದ್ದರು. ನನಗೆ ನಮಸ್ಕಾರ ಹೇಳಿ, ತಕ್ಕಡಿಯಿಂದ ಕಣ್ಣು ತೆಗೆಯದೆಯೇ, "ಮಿಷನ್ನೇ ಚಿಕ್ಕದು ಮೇಡಂ. ನೀವು ನೋಡಿ ಬೇಕಾದ್ರೆ. ಆದ್ರೂ ಮಿಷನ್ನೇ ಚಿಕ್ಕದು," ಎಂದರು.

ಕೋಣೆ ಅಂಗಡಿಯ ಹಿಂದಿತ್ತು. ಕಡಲಲ್ಲಿ ಬೋಟು ಇಳಿಯದ ಮಳೆಗಾಲಕ್ಕೆಂದು ಮಲ್ಪೆಯಿಂದ ತರಿಸಿದ ಮೀನಿನ ಪೆಟ್ಟಿಗೆಗಳು ಸೂರಿನ ತನಕ ತುಂಬಿದ್ದವು. ಮೈನಸ್ ಹದಿನೆಂಟು ಡಿಗ್ರಿಯಲ್ಲಿ ಇರಬೇಕಾದ ಕೋಣೆ ಮೈನಸ್ ಹನ್ನೊಂದರ ಹತ್ತಿರ ಏದುಸಿರು ಬಿಡುತ್ತಿತ್ತು. ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹರಿದ ರಬ್ಬರಿನ ಸಂದಿಯಿಂದ ಹೊರಗಿನ ಒದ್ದೆ ಗಾಳಿ ನುಗ್ಗಿ, ಒಳಗಿನ ಫ್ಯಾನಿನ ಹಿಂದಿನ ಕೊಳವೆಗಳ ಮೇಲೆ ಮಂಜುಗಡ್ಡೆಯ ಗೋಡೆಯನ್ನೇ ಕಟ್ಟಿತ್ತು. ಪೆಟ್ಟಿಗೆಗಳನ್ನು ಹಿಂಗೋಡೆಗೆ ಒತ್ತಿ ಜೋಡಿಸಿದ್ದರಿಂದ ತಣ್ಣನೆಯ ಗಾಳಿಗೆ ಸುತ್ತಲು ದಾರಿಯಿರಲಿಲ್ಲ. ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುವ ಕಂಡೆನ್ಸರನ್ನು ಪಡುವಣ ಗೋಡೆಗೆ ಕೂರಿಸಿದ್ದರು. ಮಧ್ಯಾಹ್ನದ ಬಿಸಿಲು ನೇರ ಅದರ ಮುಖಕ್ಕೆ ಬೀಳುತ್ತಿತ್ತು. ಅದರ ತೆಳು ತಗಡುಗಳ ನಡುವೆ ಮೀನಿನ ಪೊರೆ, ಧೂಳು, ಒಂದು ಜೇಡನ ಸಂಸಾರ. ಬಾಗಿಲ ಬಳಿ ಒಂದು ಕಲ್ಲು ಬಿದ್ದಿತ್ತು. ಸಾಮಾನು ಇಳಿಸುವಾಗ ಬಾಗಿಲು ಮುಚ್ಚದಿರಲೆಂದು ಇಡುವ ಕಲ್ಲು.

"ಮೊದಲು ಈ ಕಲ್ಲನ್ನು ಹೊಳೆಗೆ ಹಾಕಿ," ಎಂದೆ.

ಸದಾಶಿವರು ಕಲ್ಲನ್ನೂ ನನ್ನನ್ನೂ ನೋಡಿದರು. "ಮತ್ತೆ ಪೆಟ್ಟಿಗೆ ಹೊತ್ಕೊಂಡು ಬಂದೋರು ಬಾಗ್ಲು ತೆಗೆಯೋದು ಹ್ಯಾಗೆ?"

"ಇನ್ನೊಬ್ಬರು ತೆಗೀಬೇಕು."

ವನಜ ನಕ್ಕರು. "ನಾನೇ ತೆಗೀತೀನಿ ಬಿಡಿ. ಅಷ್ಟೂ ಮಾಡ್ದಿದ್ರೆ ನಾನು ಯಾಕಿರೋದು."

ಮರುದಿನ ತಂಪು ಹೊತ್ತಿನಲ್ಲಿ ಕೆಲಸ ಶುರುವಾಯಿತು. ಮೀನಿಗೆ ಟಾರ್ಪಾಲು ಮುಚ್ಚಿ ಮಂಜುಗಡ್ಡೆ ಕರಗಿಸಿದೆವು. ಕಂಡೆನ್ಸರನ್ನು ತೊಳೆದು, ಅದರ ಮೇಲೆ ಬದಿಗಳು ತೆರೆದಿರುವಂತೆ ತಗಡಿನ ಮಾಡು ಇಳಿಸಿದೆವು. ತಣ್ಣನೆಯ ಕೊಳವೆಗೆ ಸುತ್ತಿದ್ದ ಹರಿದ ಹೊದಿಕೆಯನ್ನು ಬದಲಿಸಿದೆ. ಹೊಸ ರಬ್ಬರು ಕೂತಿತು, ಪರದೆ ಇಳಿಯಿತು. ಸದಾಶಿವರು ಗೊಣಗುತ್ತಲೇ ಇದ್ದರು, ಗೊಣಗುತ್ತಲೇ ನನಗಿಂತ ಹೆಚ್ಚು ಕೆಲಸ ಮಾಡಿದರು.

ಪೆಟ್ಟಿಗೆಗಳನ್ನು ಮತ್ತೆ ಜೋಡಿಸುವಾಗ ವನಜರನ್ನು ಕೇಳಿದೆ: "ಯಾವುದು ತಿಂಗಳುಗಟ್ಟಲೆ ಇರಬೇಕು ಅದು ಒಳಗೆ, ಬೇಗ ತೆಗೆಯೋದು ಬಾಗಿಲ ಹತ್ತಿರ ಇರಲಿ. ನಾಳೆಯೇ ಬೇಕಾದದ್ದು ಯಾವುದು?"

"ಅಂಜಲ್. ಕೃಷ್ಣಯ್ಯ ಮೇಸ್ತ್ರಿದು."

ಕೃಷ್ಣಯ್ಯ ಸಂಸೆಯ ಹತ್ತಿರದ ಎಸ್ಟೇಟಿನಲ್ಲಿ ಆಳುಗಳ ಮೇಸ್ತ್ರಿ ಎಂದು ವನಜ ಹೇಳಿದರು. ಅವರ ಮಗಳ ಮದುವೆಯಾಗಿ ನಾಲ್ಕು ದಿನ. ಮರುದಿನ ಮಧ್ಯಾಹ್ನ ಬೀಗರೂಟ. ಅದಕ್ಕೆಂದು ದೊಡ್ಡ ಅಂಜಲ್ ಮೀನುಗಳನ್ನು ಆರಿಸಿ ಇಲ್ಲಿ ಇಡಿಸಿದ್ದರು.

"ಹಾಗಾದರೆ ಅದು ಮುಂದೆ ಇರಲಿ," ಎಂದೆ.

ವನಜ ಅಂಜಲಿನ ಪೆಟ್ಟಿಗೆ ಎತ್ತಿಕೊಂಡರು. "ಬೇಡ ಮೇಡಂ. ನಂಬಿ ಇಡ್ಸಿರೋದು, ಒಳಗೆ ಕಟ್ಟಕಡೇಲಿ ಇಡ್ತೀನಿ. ನಾಳೆ ತೆಗೆಯೋಕೆ ಕಷ್ಟ ಆದ್ರೆ ಆಗ್ಲಿ. ಮುಂದೆ ನಮ್ಮ ಬಂಗುಡೆ ಇರ್ಲಿ." ಮಧ್ಯಾಹ್ನದ ಊಟದ ಹೊತ್ತಿಗೆ ಬಾಗಿಲ ಹೊರಗೆ ಹಚ್ಚಿದ್ದ, ಒಳಗಿನ ಥಂಡಿ ತೋರಿಸುವ ಥರ್ಮಾಮೀಟರಿನಲ್ಲಿ ಮೈನಸ್ ಹದಿನೆಂಟು ಕಂಡಿತು. ಆ ಕೋಣೆ ಮೊದಲ ಬಾರಿಗೆ ಸುಮ್ಮನಾಯಿತು. ಕಂಪ್ರೆಸರು ನಿಂತಾಗ ಅಂಗಡಿಯಲ್ಲಿ ಎಂತಹ ಮೌನವಾಯಿತೆಂದರೆ, ಸದಾಶಿವರು ಗಾಬರಿಯಾಗಿ ಓಡಿ ಬಂದರು.

"ಕೆಡ್ತಾ?"

"ಇಲ್ಲ. ಸಾಕಾಯ್ತು ಅಂತ ನಿಂತಿದೆ."

ಗಾಳಿ ಎದ್ದದ್ದು ಅದಾದ ಮೇಲೆ. ಮೊದಲು ಭದ್ರಾ ಹೊಳೆಯ ಕಡೆಯಿಂದ ಧೂಳು, ಆಮೇಲೆ ಕತ್ತಲು, ಆಮೇಲೆ ಆಲಿಕಲ್ಲು. ಮಳೆ ಹೆಚ್ಚು ಹೊತ್ತು ಬರಲಿಲ್ಲ. ಆದರೆ ನಿಂತಾಗ ಕರೆಂಟಿರಲಿಲ್ಲ. ಬೈಕಿನಲ್ಲಿ ಬಂದವರು ಒಬ್ಬೊಬ್ಬರು ಒಂದೊಂದು ಸುದ್ದಿ ತಂದರು. ಸಂಸೆಯಿಂದಾಚೆ, ಕುದುರೆಮುಖದ ರಸ್ತೆಯಲ್ಲಿ ದೊಡ್ಡ ಮರ ಅಡ್ಡ ಬಿದ್ದಿದೆ. ಮೂಡಿಗೆರೆ ಕಡೆಗೂ ಮರ ಬಿದ್ದಿದೆ. ಕಂಬಗಳು ಸಾಲಾಗಿ ಮಲಗಿವೆ, ನಾಳೆಯ ತನಕ ಕರೆಂಟಿನ ಮಾತಿಲ್ಲ. ಕಡಲ ಕಡೆಯಿಂದ ಐಸು ಬರುವ ದಾರಿ ಮುಚ್ಚಿತ್ತು. ಅಂಗಡಿಯಲ್ಲಿ ಒಂದು ಚಿಕ್ಕ ಜನರೇಟರಿತ್ತು. ನಾಲ್ಕು ದೀಪ ಉರಿಸಬಲ್ಲದು, ಕಂಪ್ರೆಸರನ್ನು ಎಬ್ಬಿಸಲಾರದು.

ಮಳೆಗಾಲದ ಸರಕೆಲ್ಲ ಆ ಒಂದು ಕೋಣೆಯಲ್ಲಿತ್ತು. ಸದಾಶಿವರು ಹೆಂಡತಿಗೆ ಹೇಳಿದರು: "ಮಾರಾಯ್ತಿ, ಈಗ್ಲೇ ತೆಗ್ದು ಸಿಕ್ಕಷ್ಟಕ್ಕೆ ಕೊಟ್ಬಿಡಾಣ. ಹೋಟ್ಲೋರು ತಗೋತಾರೆ. ನಾಳೆ ನಾಯಿಗೆ ಹಾಕೋದಕ್ಕಿಂತ ವಾಸಿ."

ವನಜ ನನ್ನ ಕಡೆ ತಿರುಗಿದರು. "ನೀವು ಹೇಳಿ ಮೇಡಂ."

ತುಂಬಿದ ಕೋಣೆ, ಕಲ್ಲಾದ ಮೀನು, ಹೊಸ ರಬ್ಬರು: ಲೆಕ್ಕದ ಪ್ರಕಾರ ನಾಳೆ ಮಧ್ಯಾಹ್ನದ ತನಕ ತಡೆಯಬೇಕು. ಆದರೆ ಹೊಸ ರಬ್ಬರು ಸುರುಳಿಯಲ್ಲಿ ಮಡಚಿಕೊಂಡಿದ್ದ ಕಡೆ, ಬಾಗಿಲಿನ ಕೆಳಮೂಲೆಯಲ್ಲಿ, ಇನ್ನೂ ಸರಿಯಾಗಿ ಅಂಟಿರಲಿಲ್ಲ. ಒಂದೆರಡು ದಿನದಲ್ಲಿ ತಾನೇ ಕೂರುತ್ತದೆ ಎಂದುಕೊಂಡಿದ್ದೆ. ಆ ಒಂದೆರಡು ದಿನ ಈಗ ನಮ್ಮ ಬಳಿ ಇರಲಿಲ್ಲ.

"ಬಾಗಿಲು ತೆಗೆಯದಿದ್ದರೆ ಉಳಿಯುತ್ತೆ ಅಂತ ನನ್ನ ನಂಬಿಕೆ," ಎಂದೆ. "ಮುಂದಿನ ಪೆಟ್ಟಿಗೆಗಳ ಬಗ್ಗೆ ಗ್ಯಾರಂಟಿ ಕೊಡಲಾರೆ. ಥರ್ಮಾಮೀಟರಿನ ವಯರು ಹಿಂಗೋಡೆಯ ಹತ್ತಿರ ಇದೆ. ಅದು ತೋರಿಸೋದು ಹಿಂದಿನ ಲೆಕ್ಕ, ಬಾಗಿಲ ಬಳಿಯದಲ್ಲ."

"ಹಿಂದೆ ಉಳಿಯುತ್ತಾ?"

"ಉಳಿಯಬೇಕು."

"ಹಾಗಾದ್ರೆ ತೆಗೆಯೋದು ಬೇಡ," ಎಂದರು ವನಜ. ಸದಾಶಿವರು ತಲೆಯ ಮೇಲೆ ಕೈಹೊತ್ತು ಕೂತರು. ನಾನು ಸೌದೆ ಒಲೆಯಲ್ಲಿ ನೀರು ಕಾಯಿಸಿ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ರಬ್ಬರಿನ ಮೂಲೆಗೆ ಒತ್ತಿ ಹಿಡಿದೆ. ಬಿಸಿಗೆ ರಬ್ಬರು ಮೆತ್ತಗಾಗಿ ಹೊಂದಿಕೊಳ್ಳುತ್ತದೆ. ಸ್ವಲ್ಪ ಹೊಂದಿಕೊಂಡಿತು, ಪೂರ್ತಿ ಅಲ್ಲ.

ಸಂಜೆಗೆ ಜೀಪೊಂದು ಬಂದು ನಿಂತಿತು. ಕೃಷ್ಣಯ್ಯ ಇಳಿದರು. ಅರವತ್ತು ದಾಟಿದ, ನೆಟ್ಟಗಿನ ಮನುಷ್ಯ. ಮದುವೆಗೆಂದು ಕ್ಷೌರ ಮಾಡಿಸಿದ ತಲೆ, ಹೊಸ ಬಿಳಿ ಅಂಗಿಯ ಮೇಲೆ ಕೆಸರು. ದಾರಿಯಲ್ಲಿ ಬಿದ್ದ ಕೊಂಬೆಗಳನ್ನು ಕಡಿದುಕೊಂಡು ಬಂದಿದ್ದರು.

"ಮೇಡಮ್ನೋರೇ, ನಿಮ್ ಕೆಲ್ಸಕ್ಕೆ ಅಡ್ಡ ಬರಲ್ಲ ನಾನು. ಒಂದೇ ಒಂದ್ಸಲ ಬಾಗ್ಲು ತೆಗೀರಿ. ಕಣ್ಣಲ್ಲಿ ನೋಡಿ ಹೋಗ್ತೀನಿ."

ತೆಗೆಯಲಾಗದು ಎಂದೆ. ಒಮ್ಮೆ ತೆಗೆದರೆ ಎಷ್ಟು ಥಂಡಿ ಹೋಗುತ್ತದೆ, ಅದನ್ನು ಮತ್ತೆ ತುಂಬಲು ಕರೆಂಟಿಲ್ಲ ಎಂದು ವಿವರಿಸಿದೆ. ಅವರು ಕೇಳಿಸಿಕೊಂಡರು, ತಲೆಯಾಡಿಸಿದರು, ಮತ್ತೆ ಅದನ್ನೇ ಹೇಳಿದರು.

"ಬೀಗರು ಕಡಲ ಕಡೆಯೋರು. ಬೇರೆ ಯಾರಾದ್ರೂ ಆಗಿದ್ರೆ ಕೋಳಿ ಕುಯ್ದು ಹಾಕ್ತಿದ್ದೆ. ನಾನೇ ಹೇಳಿದೀನಿ, ನಮ್ಮ ಘಟ್ಟದ ಮೇಲೂ ಒಳ್ಳೆ ಮೀನು ಸಿಗ್ತದೆ ಬನ್ನಿ ಅಂತ. ಮೀನು ಕೆಟ್ಟಿದ್ರೆ ಬಾಯಿಗಿಡೋಕೆ ಮುಂಚೆ ವಾಸ್ನೇಲೇ ಗೊತ್ತಾಗ್ತದೆ ಅವ್ರಿಗೆ. ನನ್ ಮಗಳು ಅಲ್ಲಿ ಬಾಳ್ಬೇಕಲ್ವ?"

ಅವರ ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. "ಇಲ್ಲಿ ಬನ್ನಿ," ಎಂದು ಅವರನ್ನು ಬಾಗಿಲ ಕೆಳಮೂಲೆಯ ಬಳಿ ಕೂರಿಸಿದೆ. "ಇಲ್ಲಿ ಕೈ ಇಡಿ."

ಕೃಷ್ಣಯ್ಯ ಅಂಗೈ ಇಟ್ಟರು. ರಬ್ಬರು ಪೂರ್ತಿ ಅಂಟದಿದ್ದ ಕೂದಲೆಳೆಯಂತಹ ಸಂದಿಯಿಂದ ತಣ್ಣನೆಯ ಗಾಳಿ ಸೋರುತ್ತಿತ್ತು. ಅವರು ಕೈ ತೆಗೆಯಲಿಲ್ಲ. ಹಾಗೇ ಕೂತು ಸ್ವಲ್ಪ ಹೊತ್ತು ಆ ಗಾಳಿಯನ್ನು ಹಿಡಿದುಕೊಂಡರು.

"ಇಷ್ಟು ಸಂದಿಗೆ ಇಷ್ಟು ಥಂಡಿಯಾ?"

"ಹೌದು. ಪೂರ್ತಿ ತೆಗೆದ್ರೆ ಎಷ್ಟು, ನೀವೇ ಯೋಚಿಸಿ."

ಅವರು ಎದ್ದರು. ಜೀಪಿನ ಕಡೆ ಹೋದರು. ಕೋಪ ಮಾಡಿಕೊಂಡು ಹೊರಟೇಬಿಟ್ಟರು ಎಂದುಕೊಂಡೆ. ಹಿಂದಿನ ಸೀಟಿನಿಂದ ಎರಡು ಕರಿ ಕಂಬಳಿ ಎಳೆದು ತಂದರು. ಒಂದನ್ನು ಮಡಚಿ ಆ ಮೂಲೆಗೆ ಗಿಡಿದು ತುರುಕಿದರು. ಇನ್ನೊಂದನ್ನು ಬಾಗಿಲಿನ ಮೇಲಿಂದ ಇಳಿಬಿಟ್ಟರು. ವನಜ ಒಳಗಿನಿಂದ ರಗ್ಗು, ಗೋಣಿ, ಹಳೆಯ ಚಾಪೆ ತಂದರು. ಸದಾಶಿವರೂ ಎದ್ದರು. ನೋಡನೋಡುತ್ತಾ ಆ ಸ್ಟೀಲಿನ ಬಾಗಿಲು ಜ್ವರ ಬಂದ ಮನುಷ್ಯನ ಹಾಗೆ ಹೊದ್ದು ನಿಂತಿತು. ಕೃಷ್ಣಯ್ಯ ಒಂದು ಪೆಟ್ಟಿಗೆ ಬೋರಲು ಹಾಕಿ ಥರ್ಮಾಮೀಟರಿನ ಮುಂದೆ ಕೂತರು. ವನಜ ಚಹಾ ಕೊಟ್ಟರು. ಕುಡಿದ ಮೇಲೆ, "ಬೆಳಿಗ್ಗೆ ಬರ್ತೀನಿ," ಎಂದಷ್ಟೇ ಹೇಳಿ ಹೋದರು.

ಬೆಳಿಗ್ಗೆ ನಾನು ಎದ್ದು ಬರುವಾಗ ಅವರು ಆಗಲೇ ಬಂದು ಅದೇ ಪೆಟ್ಟಿಗೆಯ ಮೇಲೆ ಕೂತಿದ್ದರು. ಕರೆಂಟು ಬಂದಿರಲಿಲ್ಲ. ಥರ್ಮಾಮೀಟರು ಮೈನಸ್ ಎಂಟು ತೋರಿಸುತ್ತಿತ್ತು.

"ಇದು ಒಳ್ಳೇದಾ ಕೆಟ್ಟದ್ದಾ?" ಎಂದು ಕೇಳಿದರು.

"ಒಳ್ಳೇದು."

ಕಂಬಳಿಗಳನ್ನು ಸರಿಸಿದೆವು. ಯಾರು ಎಲ್ಲಿ ನಿಲ್ಲಬೇಕು, ಯಾರು ಏನು ಎತ್ತಬೇಕು ಎಂದು ಮೊದಲೇ ಮಾತಾಡಿಕೊಂಡೆವು. ಬಾಗಿಲು ಒಂದೇ ಸಲ ತೆಗೆಯುವುದೆಂದು ತೀರ್ಮಾನ. ವನಜ ಹಿಡಿಯನ್ನು ಎಳೆದರು. ಸದಾಶಿವರು ಟಾರ್ಚು ಹಿಡಿದು ಪರದೆಯ ಒಳಗೆ ನುಗ್ಗಿದರು. ಬಿಳಿ ಹೊಗೆಯಂತಹ ಥಂಡಿ ನಮ್ಮ ಕಾಲುಗಳ ಮೇಲೆ ಹರಿಯಿತು. ಒಳಗಿನಿಂದ ಒಂದು ಶಬ್ದ ಬಂತು, ಕಟ್ಟಿಗೆಗೆ ಕಟ್ಟಿಗೆ ಬಡಿದ ಹಾಗೆ. ಸದಾಶಿವರು ಅಂಜಲನ್ನು ಗೋಡೆಗೆ ಕುಟ್ಟುತ್ತಿದ್ದರು.

"ಕಲ್ಲು ಮಾರಾಯ್ರೇ!" ಎಂದು ಕೂಗಿದರು. "ಕಲ್ಲಿನ ಹಾಗಿದೆ!"

ಕೃಷ್ಣಯ್ಯ ಮೀನನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ನೋಡಿದರು, ಮೂಸಿದರು. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, "ಥಂಡಿ," ಎಂದರು.

ಬಾಗಿಲ ಬಳಿಯ ಮೇಲಿನ ಸಾಲಿನ ಬಂಗುಡೆಗಳು ಉಳಿದಿರಲಿಲ್ಲ. ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು. ವನಜ ಆ ಪೆಟ್ಟಿಗೆಗಳನ್ನು ಹೊರಗೆ ತೆಗೆಸಿ ಬಾಗಿಲು ಮುಚ್ಚಿಸಿದರು. ಮಾರುವ ಮಾತನ್ನು ಯಾರೂ ಎತ್ತಲಿಲ್ಲ. ಹಿತ್ತಲಿನ ಬಾಳೆಯ ಬುಡದಲ್ಲಿ ಗುಂಡಿ ತೋಡಿ ಗಂಡಹೆಂಡತಿ ಇಬ್ಬರೂ ಅವನ್ನು ಮುಚ್ಚಿದರು. ಮೀನಿನ ಗೊಬ್ಬರಕ್ಕೆ ಬಾಳೆ ಚೆನ್ನಾಗಿ ಬರುತ್ತದಂತೆ. ಸದಾಶಿವರು ಗುದ್ದಲಿ ಒರೆಸುತ್ತಾ ನನ್ನನ್ನು ನೋಡದೆ ಹೇಳಿದರು: "ಕರೆಂಟೇ ಇಲ್ದಾಗ ದೊಡ್ಡ ಮಿಷನ್ ತಗಂಡು ಏನ್ ಮಾಡೋದಿತ್ತು, ಅಲ್ವಾ?"

"ಕರೆಂಟಿದ್ದಾಗಲೂ ಬೇಕಿಲ್ಲ," ಎಂದೆ.

"ಅದನ್ನ ಆಮೇಲೆ ನೋಡಾಣ," ಎಂದರು. ಪೂರ್ತಿ ಸೋಲುವ ಮನುಷ್ಯನಲ್ಲ.

ಅಂಜಲ್ ಜೀಪಿನಲ್ಲಿ ಸಂಸೆಗೆ ಹೋಯಿತು. ಹತ್ತು ಗಂಟೆಯ ಮೇಲೆ ಕುದುರೆಮುಖದ ರಸ್ತೆಯ ಮರ ಕಡಿದರೆಂದು ಸುದ್ದಿ ಬಂತು. ಅದರ ಹಿಂದೆಯೇ ಮಲ್ಪೆಯ ಮೀನಿನ ವ್ಯಾನು ಐಸಿನೊಂದಿಗೆ ಬಂತು. ಕರೆಂಟು ತಡವಾದರೂ ಉಳಿದ ಮೀನನ್ನು ಕಾಯಲು ಅದು ಸಾಕಿತ್ತು. ಮೂಡಿಗೆರೆಯ ದಾರಿ ಇನ್ನೂ ತೆರೆದಿರಲಿಲ್ಲ. ಹೀಗಾಗಿ ಕೆಳಗಿಳಿದು ಮಂಗಳೂರಿನ ಮೇಲೆ ಹಾಸನಕ್ಕೆ ಹೋಗುವುದೆಂದು ತೀರ್ಮಾನಿಸಿ, ಹಿಂದಿರುಗುವ ವ್ಯಾನಿನಲ್ಲಿ ಡ್ರೈವರಿನ ಪಕ್ಕ ಕೂತೆ. ವನಜ ಕಿಟಕಿಯ ಬಳಿ ಬಂದು, "ಮಳೆಗಾಲ ಮುಗಿದ ಮೇಲೆ ಒಂದ್ಸಲ ಬನ್ನಿ. ಸುಮ್ನೆ ಬನ್ನಿ, ಕೆಲ್ಸಕ್ಕಲ್ಲ," ಎಂದರು.

ಸಂಸೆಯಲ್ಲಿ ರಸ್ತೆಯ ಮಧ್ಯೆ ಕೃಷ್ಣಯ್ಯ ಕೈ ಅಡ್ಡ ಹಿಡಿದು ನಿಂತಿದ್ದರು. ಬೀಗರು ಬಂದಾಗಿತ್ತು. ನಿಲ್ಲದೆ ಹೋಗುವ ಮಾತೇ ಇರಲಿಲ್ಲ. ಚಪ್ಪರದಡಿ ಮೊದಲ ಪಂಕ್ತಿಯಲ್ಲಿ, ಕಡಲ ಕಡೆಯ ಒಬ್ಬ ಹಿರಿಯರ ಪಕ್ಕದಲ್ಲಿ ನನ್ನನ್ನೂ ಡ್ರೈವರನ್ನೂ ಕೂರಿಸಿದರು. ಎಲೆಗೆ ಅನ್ನ ಬಂತು, ಸಾರು ಬಂತು, ಆಮೇಲೆ ಹುರಿದ ಅಂಜಲ್ ತುಂಡು ಬಂತು. ಕೃಷ್ಣಯ್ಯ ತಾವೇ ಬಡಿಸುತ್ತಿದ್ದರು. ಆ ಹಿರಿಯರ ಎಲೆಗೆ ತುಂಡು ಹಾಕಿ ಮುಂದೆ ಹೋಗದೆ ಅಲ್ಲೇ ನಿಂತರು.

ಹಿರಿಯರು ತುಂಡನ್ನು ಮುರಿದರು. ಬಿಳಿಯ ಮಾಂಸ ಎಸಳೆಸಳಾಗಿ ಬಿಟ್ಟಿತು. ಬಾಯಿಗಿಟ್ಟು ನಿಧಾನವಾಗಿ ಜಗಿದರು. ಆಮೇಲೆ ತಲೆಯೆತ್ತದೆ, "ಇನ್ನೊಂದು ಹಾಕಿ," ಎಂದರು.

ಕೃಷ್ಣಯ್ಯ ಎರಡು ಹಾಕಿದರು.

ನಾನೂ ತಿಂದೆ. ಚೆನ್ನಾಗಿತ್ತು. ಮೂರನೆಯ ಪಂಕ್ತಿ ಕೂರುವ ಮುಂಚೆ ವ್ಯಾನು ಹೊರಟಿತು. ಗಣಿ ನಿಂತು ಖಾಲಿಯಾದ ಕುದುರೆಮುಖದ ಮನೆಗಳ ಸಾಲು ಬರುವ ಮೊದಲಿನ ಏರಿನಲ್ಲಿ ಒಮ್ಮೆ ತಿರುಗಿ ನೋಡಿದೆ. ಕೆಳಗೆ ಚಪ್ಪರ ಅಂಗೈಯಷ್ಟು ಕಾಣುತ್ತಿತ್ತು. ಅದರ ಅಂಚಿನಲ್ಲಿ ಒಂದು ಬಿಳಿ ಅಂಗಿ ಎಲೆಯಿಂದ ಎಲೆಗೆ ಬಾಗುತ್ತಾ, ಬಾಗುತ್ತಾ ಸಾಗುತ್ತಿತ್ತು.